ನಕಾನಿಶಿಯವರ ಪರವಾಗಿ ನಾನು ಒತ್ತಿದ ‘ಇಲ್ಲ’

ಟ್ರಾವೆಲ್ ಏಜೆನ್ಸಿ ಕೆಲಸಕ್ಕೆ ಹೊಸದಾಗಿ ಸೇರಿದವರು ಸಿಕ್ಕರೆ ನಾನು ಮೊದಲು ಕೇಳುವುದು ಒಂದೇ: “ಫಾರಂ ತುಂಬುವಾಗ ಪ್ರಯಾಣಿಕರು ಎದುರಿಗೆ ಕೂತಿರುತ್ತಾರಾ?” ಹೌದು ಎಂದರೆ ಇನ್ನೊಂದು ಪ್ರಶ್ನೆ: “ಅವರನ್ನು ಕೇಳಿ ತುಂಬುತ್ತೀರೋ, ನೀವೇ ತುಂಬಿಬಿಡುತ್ತೀರೋ?” ಅವರು ನಗುತ್ತಾರೆ. ನಿವೃತ್ತಳಾದ ಹೆಂಗಸಿನ ತಲೆಹರಟೆ ಎಂದುಕೊಳ್ಳುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೆ ನಗುತ್ತಿದ್ದೆ. ಆಮೇಲೆ ಒಂದು ದಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಓಡಬೇಕಾಯಿತು. ಆ ಓಟ ಇನ್ನೂ ನನ್ನ ಕಾಲುಗಳಲ್ಲಿದೆ. ಲಂಡನ್ನಿನ ಪಿನ್ನರ್‌ನ ನಮ್ಮ ಮನೆಯಲ್ಲಿ ಸುಮ್ಮನೆ ಚಹಾ ಕುಡಿಯುತ್ತ ಕೂತಾಗಲೂ ಥಟ್ಟನೆ ಎದ್ದು ನಿಲ್ಲುತ್ತೇನೆ.

ಧಾರವಾಡದಲ್ಲಿ ಬಿ.ಎ. ಮುಗಿಸಿ ಮದುವೆಯಾಗಿ ಲಂಡನ್ನಿಗೆ ಬಂದವಳು ನಾನು. ತೊಂಬತ್ತರ ದಶಕದ ಆರಂಭದಲ್ಲಿ ನಗರದ ಪಶ್ಚಿಮಕ್ಕಿರುವ ಆ್ಯಕ್ಟನ್‌ನ ಒಂದು ಸಣ್ಣ ಏಜೆನ್ಸಿಯಲ್ಲಿ ಕೆಲಸ ಸಿಕ್ಕಿತು. ಮಾಲೀಕರು ವಿನೋದಭಾಯಿ, ನೈರೋಬಿಯಲ್ಲಿ ಬೆಳೆದ ಗುಜರಾತಿ. ನಮ್ಮಿಬ್ಬರ ಮಾತು ಹಿಂದಿ, ಇಂಗ್ಲಿಷು ಬೆರೆತದ್ದು. ಇದ್ದದ್ದು ಎರಡು ಮೇಜು, ಒಂದು ಬುಕಿಂಗ್ ಯಂತ್ರ ಮತ್ತು ಗೋಡೆಯ ಮೇಲೆ ಬಿಸಿಲಿಗೆ ಬಣ್ಣ ಹೋದ ಒಂದು ಸಮುದ್ರತೀರದ ಚಿತ್ರ. ಗಿರಾಕಿಗಳಲ್ಲಿ ಹೆಚ್ಚಿನವರು ಜಪಾನಿಗಳು. ಅವರ ಮಕ್ಕಳ ಶಾಲೆ ಹತ್ತಿರವಿದ್ದುದರಿಂದ ಕಂಪನಿ ಕೆಲಸಕ್ಕೆ ಬಂದ ಸಂಸಾರಗಳು ಆ ಭಾಗದಲ್ಲೇ ಮನೆ ಹಿಡಿಯುತ್ತಿದ್ದವು. ಅವರಿಗೆ ನಾನು ‘ಹಿರೇಮಠ್-ಸಾನ್’, ಅಂದರೆ ಹಿರೇಮಠ್ ಅವರು. ಸುಮಂಗಲಾ ಎಂಬ ಹೆಸರು ವಿನೋದಭಾಯಿಯ ಬಾಯಲ್ಲಿ ಮಾತ್ರ ಉಳಿಯಿತು, ಅದೂ ಗುಜರಾತಿಯಲ್ಲಿ ಅಕ್ಕ ಎನ್ನುವ ‘ಬೆನ್’ ಸೇರಿಸಿಕೊಂಡು.

ಜಪಾನಿ ಪಾಸ್‌ಪೋರ್ಟ್ ಇದ್ದವರಿಗೆ ಬಹಳ ದೇಶಗಳಿಗೆ ವೀಸಾ ಬೇಕಿರಲಿಲ್ಲ. ಬೇಕಾಗಿದ್ದ ಒಂದು ದೇಶ ಆಸ್ಟ್ರೇಲಿಯಾ. ಮೊದಲು ಪಾಸ್‌ಪೋರ್ಟುಗಳನ್ನು ಲಕೋಟೆಯಲ್ಲಿಟ್ಟು ಎದೆಗೆ ಅವುಚಿಕೊಂಡು ಟ್ಯೂಬ್ ರೈಲು ಹತ್ತಿ ಪೇಟೆಯ ಅವರ ಹೈಕಮಿಷನ್ನಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ. ತೊಂಬತ್ತರ ದಶಕದ ನಡುವೆ ಆಸ್ಟ್ರೇಲಿಯಾದವರು ಎಲೆಕ್ಟ್ರಾನಿಕ್ ಪರವಾನಗಿ ತಂದರು. ಪಾಸ್‌ಪೋರ್ಟಿನ ವಿವರಗಳನ್ನು ಬುಕಿಂಗ್ ಯಂತ್ರದಲ್ಲಿ ಟೈಪು ಮಾಡಿದರೆ ಅರ್ಧ ನಿಮಿಷದಲ್ಲಿ ಒಪ್ಪಿಗೆ ಬರುತ್ತಿತ್ತು. ಮುದ್ರೆಯಿಲ್ಲ, ಚೀಟಿಯಿಲ್ಲ. ನನಗೆ ಸಂತೋಷವೋ ಸಂತೋಷ. ಗಿರಾಕಿಗಳಿಗೆ ಮಾತ್ರ ಗಾಬರಿ.

“ಎಲ್ಲಿದೆ, ಹಿರೇಮಠ್-ಸಾನ್?” ಎಂದು ಒಬ್ಬ ಹಿರಿಯ ಮಹಿಳೆ ಪಾಸ್‌ಪೋರ್ಟಿನ ಪುಟಗಳನ್ನೆಲ್ಲ ಮಗುಚಿ ಕೇಳಿದರು.

“ಕಂಪ್ಯೂಟರಿನಲ್ಲಿದೆ.”

“ಕಂಪ್ಯೂಟರ್ ನಿಮ್ಮ ಹತ್ತಿರ ಇದೆ. ಆಸ್ಟ್ರೇಲಿಯಾದವರು ನನ್ನನ್ನು ಕೇಳುತ್ತಾರೆ.”

ಅವರ ಸಮಾಧಾನಕ್ಕೆ ಒಂದು ಕಾಗದದ ಮೇಲೆ ಅವರ ಹೆಸರು ಟೈಪು ಮಾಡಿ, ನಮ್ಮ ಅಂಗಡಿಯ ರಬ್ಬರ್ ಠಸ್ಸೆ ಒತ್ತಿ ಕೊಟ್ಟೆ. ಆ ಕಾಗದಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ಆದರೂ ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿದರು. ಆಮೇಲೆ ಎಲ್ಲರೂ ಅದನ್ನೇ ಕೇಳತೊಡಗಿದರು!

ನನ್ನ ದೊಡ್ಡ ತಪ್ಪುಗಳಲ್ಲಿ ಮೊದಲನೆಯದು ಆ ಕಾಲದ್ದು. ಒಬ್ಬ ಬ್ಯಾಂಕ್ ನೌಕರರು ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದರು. ನಾನು ಫೈಲಿನಲ್ಲಿದ್ದ ಹಳೆಯ ಪಾಸ್‌ಪೋರ್ಟಿನ ನಕಲು ನೋಡಿ ಪರವಾನಗಿ ಮಾಡಿದ್ದೆ. ಒಪ್ಪಿಗೆ ಹಳೆಯ ಪಾಸ್‌ಪೋರ್ಟಿಗೆ ಅಂಟಿಕೊಂಡಿತ್ತು. ಮನುಷ್ಯ ಹೊಸದನ್ನು ಹಿಡಿದು ಚೆಕ್-ಇನ್‌ನಲ್ಲಿ ನಿಂತಿದ್ದರು. ಅಲ್ಲಿಂದ ಫೋನು ಬಂತು. ಹತ್ತೇ ನಿಮಿಷದಲ್ಲಿ ಹೊಸದಾಗಿ ಅರ್ಜಿ ಹಾಕಿ ಸರಿಮಾಡಿದೆ. ಅವರು ಹೋದರು, ಬಂದರು, ನನಗೊಂದು ಕಾಂಗರೂ ಗೊಂಬೆಯನ್ನೂ ತಂದುಕೊಟ್ಟರು. ಯಂತ್ರದ ಕೆಲಸದಲ್ಲಿ ತಪ್ಪಾದರೆ ಹತ್ತು ನಿಮಿಷದಲ್ಲಿ ತಿದ್ದಬಹುದು ಎಂಬ ಪಾಠ ಕಲಿತೆ. ಕಲಿಯಬಾರದ ಪಾಠ ಅದು.

ಅಮೆರಿಕದ ಇಂಥ ಪರವಾನಗಿ ಬಂದದ್ದು ಬಹಳ ತಡವಾಗಿ, 2009ರ ಆರಂಭದಲ್ಲಿ. ಅದಕ್ಕೂ ಮುಂಚೆ ಜಪಾನಿ ಪ್ರಯಾಣಿಕರು ವೀಸಾ ಇಲ್ಲದೆ ಹೋಗಬಹುದಿತ್ತು. ವಿಮಾನದಲ್ಲಿ ಕೊಡುವ ಹಸಿರು ಕಾರ್ಡಿನ ಹಿಂದೆ ಕೆಲವು ಪ್ರಶ್ನೆಗಳಿರುತ್ತಿದ್ದವು, ಉತ್ತರವನ್ನು ತಾವೇ ಗುರುತು ಹಾಕುತ್ತಿದ್ದರು. ಈಗ ಅದೇ ಪ್ರಶ್ನೆಗಳು ಇಂಟರ್ನೆಟ್ಟಿಗೆ ಬಂದವು. ಹೊರಡುವ ಮುನ್ನವೇ ಉತ್ತರಿಸಿ ಒಪ್ಪಿಗೆ ಪಡೆಯಬೇಕು, ಇಲ್ಲದಿದ್ದರೆ ವಿಮಾನ ಹತ್ತಿಸುವುದಿಲ್ಲ. ನಮ್ಮ ಗಿರಾಕಿಗಳು ಪಾಸ್‌ಪೋರ್ಟುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು.

ಪ್ರಶ್ನೆಗಳನ್ನು ಮೊದಲ ಸಲ ಓದಿದಾಗ ನನಗೆ ಕಸಿವಿಸಿಯಾಯಿತು. ನಿಮಗೆ ಅಂಟುರೋಗವಿದೆಯೇ? ಮನೋರೋಗವಿದೆಯೇ? ಬಂಧನಕ್ಕೆ ಒಳಗಾಗಿದ್ದೀರಾ? ಗೂಢಚಾರಿಕೆ ಮಾಡಿದ್ದೀರಾ? ನರಮೇಧದಲ್ಲಿ ಭಾಗವಹಿಸಿದ್ದೀರಾ? ನಮ್ಮಲ್ಲಿ ಪ್ರಯಾಣಕ್ಕೆ ಹೊರಟವರನ್ನು ‘ಎಲ್ಲಿಗೆ’ ಎಂದೂ ಕೇಳುವುದಿಲ್ಲ. “ಹೊಂಟವರಿಗೆ ಎಲ್ಲಿಗೆ ಅಂತ ಕೇಳಬಾರದವಾ, ಹೋದ ಕೆಲಸ ಕೆಡತೈತಿ” ಎನ್ನುತ್ತಿದ್ದಳು ನಮ್ಮ ಅಜ್ಜಿ. ಹೊಸ್ತಿಲ ಬಳಿ ಕೆಟ್ಟ ಮಾತು ಆಡಿದರೆ ಮೇಲೆ ಅಸ್ತು ದೇವತೆಗಳು ‘ಅಸ್ತು’ ಅಂದುಬಿಡುತ್ತಾರೆ. ಬಿ.ಎ. ಓದಿದ್ದೆ, ಇಪ್ಪತ್ತು ವರ್ಷ ಲಂಡನ್ನಿನಲ್ಲಿದ್ದೆ. ಆದರೂ ಮೊಮ್ಮಗು ನೋಡಲು ಹೊರಟ ಮನುಷ್ಯನಿಗೆ “ನಿಮಗೆ ರೋಗವಿದೆಯಾ?” ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ವಿನೋದಭಾಯಿಗೆ ಅದು ಬೇರೆ ರೀತಿಯಲ್ಲಿ ಅನುಕೂಲವಾಯಿತು. “ನರಮೇಧ ಮಾಡಿದವನು ನಮ್ಮ ಅಂಗಡಿಗೆ ಬಂದು ಕಿಟಕಿ ಪಕ್ಕದ ಸೀಟು ಕೇಳ್ತಾನಾ ಬೆನ್? ಎಲ್ಲದಕ್ಕೂ ‘ಇಲ್ಲ’ ಒತ್ತಿ, ಮುಗಿಸಿ. ಹಿಂದೆ ಜನ ಕಾಯ್ತಾ ಇದ್ದಾರೆ.”

ಒತ್ತಿದೆ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಆಮೇಲೆ ಇಲ್ಲ, ಇಲ್ಲ, ಇಲ್ಲ. ಬೆರಳಿಗೆ ರೂಢಿಯಾಯಿತು. ಕೊನೆಯಲ್ಲಿ ಇನ್ನೊಂದು ಚೌಕ. ಬೇರೆಯವರ ಪರವಾಗಿ ತುಂಬುವವರು ಅದರಲ್ಲಿ ಗುರುತು ಹಾಕಬೇಕು: ‘ಈ ಎಲ್ಲ ಪ್ರಶ್ನೆಗಳನ್ನೂ ಪ್ರಯಾಣಿಕರಿಗೆ ಓದಿ ಹೇಳಿದ್ದೇನೆ.’ ಅದಕ್ಕೂ ಹಾಕುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸುತ್ತಲೇ ಇರಲಿಲ್ಲ. ಅವರ ಮನಸ್ಸು ನೋಯಿಸದೆ ಕೆಲಸ ಮುಗಿಸುತ್ತಿದ್ದೇನೆ ಎಂದುಕೊಂಡಿದ್ದೆ.

ನಕಾನಿಶಿಯವರು ಬಂದದ್ದು ಆ ವರ್ಷದ ಮಾರ್ಚಿನಲ್ಲಿ, ಒಂದು ಮಂಗಳವಾರ. ಹನ್ನೆರಡು ವರ್ಷದ ಪರಿಚಯ. ಎಂಜಿನಿಯರಾಗಿದ್ದು ನಿವೃತ್ತರಾಗಿ, ಹೆಂಡತಿಯ ಜೊತೆ ಇಲ್ಲಿಯೇ ಉಳಿದವರು. ಸಿಯಾಟಲ್‌ನಲ್ಲಿದ್ದ ಮಗಳಿಗೆ ಹೆಣ್ಣುಮಗು ಹುಟ್ಟಿ ಮೂರು ವಾರವಾಗಿತ್ತು. ಮರುದಿನದ ವಿಮಾನ. ಪರವಾನಗಿಯೊಂದು ಬಾಕಿ.

ಮನುಷ್ಯ ಇಳಿದುಹೋಗಿದ್ದರು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಕಡ್ಡಿಯ ಹಾಗೆ ಕಾಣುತ್ತಿತ್ತು. ಕೂತ ಸ್ವಲ್ಪ ಹೊತ್ತಿಗೆ ಕೆಮ್ಮು ಬಂತು. ಮುಖ ಗೋಡೆಯ ಕಡೆ ತಿರುಗಿಸಿ, ಕರವಸ್ತ್ರ ಒತ್ತಿಕೊಂಡು, ಬಹಳ ಹೊತ್ತು ಕೆಮ್ಮಿದರು. ನಾನು ನೀರು ಕೊಟ್ಟೆ.

“ಚಳಿ ಈ ಸಲ ಜಾಸ್ತಿ,” ಎಂದೆ.

“ಜಾಸ್ತಿ,” ಎಂದರು.

ಅಂಟುರೋಗದ ಪ್ರಶ್ನೆಗೆ ಬಂದೆ. ಅದರಲ್ಲಿ ಕ್ಷಯದ ಹೆಸರಿತ್ತು. ಆ ಕ್ಷಣವನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ ಲೆಕ್ಕವಿಲ್ಲ. ಬೆರಳು ನಿಂತಿತು. ತಲೆಯೆತ್ತಿ ಅವರನ್ನು ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು, ಬೆನ್ನು ನೆಟ್ಟಗೆ, ಎರಡೂ ಕೈ ಮೊಣಕಾಲ ಮೇಲೆ. ಪರೀಕ್ಷೆಯಲ್ಲಿ ತಮ್ಮ ಹೆಸರು ಕರೆಯುವುದನ್ನು ಕಾಯುವವರ ಹಾಗೆ. ಕೇಳಬೇಕು ಅನ್ನಿಸಿತು. ಆದರೆ ನಾಳೆ ಹೊರಡುವ ಮನುಷ್ಯ, ಅದೂ ಬಾಣಂತಿ ಮಗಳ ಮನೆಗೆ. ನಾನು ಕೇಳಿದ್ದು ಬೇರೆ:

“ಮಗುವಿಗೆ ಏನು ಹೆಸರಿಟ್ಟಿದ್ದಾರೆ?”

“ಹಾರುಕಾ,” ಎಂದರು.

ಒತ್ತಿದೆ. ಇಲ್ಲ. ಇಲ್ಲ. ಇಲ್ಲ. ಒಪ್ಪಿಗೆ ಬಂತು. ಅವರು ಏಳಲಿಲ್ಲ.

“ಅಷ್ಟೇನಾ, ಹಿರೇಮಠ್-ಸಾನ್?”

“ಅಷ್ಟೇ.”

ತಲೆ ಬಾಗಿಸಿ ಹೋದರು.

ಮರುದಿನ ಹನ್ನೊಂದು ಗಂಟೆಯ ಸುಮಾರಿಗೆ ಅವರ ಹೆಂಡತಿ ಬಂದರು. ಅವರಿಗೆ ಇಂಗ್ಲಿಷು ಅಂಗಡಿಯ ಮಟ್ಟಿಗೆ ಬರುತ್ತಿತ್ತು, ಕಾಗದಪತ್ರಗಳೆಲ್ಲ ಗಂಡನ ಪಾಲು. ಕೈಯಲ್ಲಿ ಮಡಿಸಿದ ಒಂದು ಪತ್ರ. ಗಂಡ ವಿಮಾನ ನಿಲ್ದಾಣಕ್ಕೆ ಹೊರಟ ಮೇಲೆ ಷೂ ಕಪಾಟು ಒರೆಸುವಾಗ ಒಂದು ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ಪತ್ರ ಬಂದಾಗ ಹಲ್ಲಿನ ಡಾಕ್ಟರದು ಎಂದು ಗಂಡ ಹೇಳಿದ್ದರಂತೆ.

“ಹಲ್ಲಿನದನ್ನು ಷೂ ಪೆಟ್ಟಿಗೆಯಲ್ಲಿ ಯಾಕೆ ಇಡ್ತಾರೆ?” ಎಂದರು. “ಓದಿ ಹೇಳಿ.”

ಓದಿದೆ. ಎದೆರೋಗದ ಕ್ಲಿನಿಕ್ಕಿನದು. ಎಕ್ಸ್-ರೇಯಲ್ಲಿ ಕಲೆ ಕಂಡಿದೆ. ಕ್ಷಯದ ಅನುಮಾನವಿದೆ, ಕಫವನ್ನು ಪರೀಕ್ಷೆಗೆ ಕಳಿಸಲಾಗಿದೆ. ಫಲಿತಾಂಶ ಬರುವವರೆಗೆ ವಿಮಾನ ಪ್ರಯಾಣ ಮಾಡಬಾರದು, ಚಿಕ್ಕ ಮಕ್ಕಳ ಹತ್ತಿರ ಹೋಗಬಾರದು.

ನಾನು ಸಣ್ಣ ಸಣ್ಣ ಮಾತುಗಳಲ್ಲಿ ಹೇಳಿದೆ. ಅವರು ಅಳಲಿಲ್ಲ, ಕೂಗಲಿಲ್ಲ. ಗಡಿಯಾರ ನೋಡಿದರು. “ಎರಡೂವರೆಗೆ ವಿಮಾನ,” ಎಂದರು. “ಮಗು ಮೂರು ವಾರದ್ದು.”

ನಕಾನಿಶಿಯವರ ಮೊಬೈಲಿಗೆ ಮಾಡಿದೆ, ಆಫ್ ಆಗಿತ್ತು. ಕ್ಲಿನಿಕ್ಕಿನ ನಂಬರು ಎಂಗೇಜು. ಏರ್‌ಲೈನಿಗೆ ಮಾಡೋಣವೆಂದು ರಿಸೀವರ್ ಎತ್ತಿದರೆ ವಿನೋದಭಾಯಿ ಮೇಲೆ ಕೈಯಿಟ್ಟರು.

“ಬೆನ್, ಯೋಚನೆ ಮಾಡಿ. ನಾವು ಡಾಕ್ಟರಲ್ಲ. ಅವರು ಮೊದಲು ಕೇಳೋದು, ಆ ಫಾರಂ ತುಂಬಿದವರು ಯಾರು ಅಂತ.”

“ನಾನೇ.”

“ಅದಕ್ಕೇ ಹೇಳ್ತಿರೋದು!”

ಅವರು ಕೆಟ್ಟ ಮನುಷ್ಯರಲ್ಲ. ಹೆದರಿದ್ದರು. ನಾನೂ ಹೆದರಿದ್ದೆ. ಕೌನ್ಸಿಲ್ ಆಫೀಸಿನಲ್ಲಿ ಕೆಲಸದಲ್ಲಿದ್ದ ನಮ್ಮ ಯಜಮಾನರಿಗೆ ಫೋನು ಮಾಡಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

“ಮತ್ತ ಇನ್ನೂ ಯಾಕ ಫೋನಿನ್ಯಾಗ ನಿಂತೀದಿ?” ಎಂದರು. “ಹೋಗು. ನೌಕರಿ ಹೋದ್ರ ಹೋಗ್ಲಿ, ಇನ್ನೊಂದ್ ಸಿಗತೈತಿ. ಆ ಕೂಸಿಗೆ ಏನರ ಆದ್ರ ನೀ ಉಣ್ಣಾಕಿ ಏನು?”

ಕೋಟು ಹಾಕಿಕೊಂಡೆ. ನಕಾನಿಶಿಯವರ ಹೆಂಡತಿ ಆಗಲೇ ಬಾಗಿಲಲ್ಲಿದ್ದರು. ಟ್ಯಾಕ್ಸಿ ಹುಡುಕುತ್ತ ನಿಲ್ಲುವುದಕ್ಕಿಂತ ಟ್ಯೂಬೇ ವಾಸಿ ಎಂದು ಸ್ಟೇಷನ್ನಿಗೆ ನಡೆದೆವು. ಅವರ ಮೊಣಕಾಲು ನೋವಿನದು, ಆದರೂ ನನಗಿಂತ ಮುಂದೆ. ದಾರಿಯಲ್ಲಿ ಒಂದು ಕಡೆ ರೈಲು ಸಿಗ್ನಲ್‌ಗೆ ನಿಂತಿತು. ಹೊರಗೆ ಯಾರದೋ ಹಿತ್ತಲಲ್ಲಿ ಬಟ್ಟೆ ಒಣಗುತ್ತಿತ್ತು. ಒಂದು ನೀಲಿ ಟವೆಲ್, ಎರಡು ಬಿಳಿ ಅಂಗಿ. ಆ ಬಟ್ಟೆಗಳನ್ನು ಇವತ್ತೂ ಎಣಿಸಬಲ್ಲೆ. ರೈಲು ಅಲ್ಲಿ ಇನ್ನೂ ಐದು ನಿಮಿಷ ನಿಂತಿದ್ದರೆ? ಆ ಹೆಂಗಸು ಅಂದು ಕಪಾಟು ಒರೆಸದೆ ಇದ್ದಿದ್ದರೆ? ಮತ್ತೆ ಮತ್ತೆ ಅದೇ ರೈಲು ಹತ್ತುತ್ತೇನೆ. ಕೆಲವು ಸಲ ಅದು ಚಲಿಸುವುದೇ ಇಲ್ಲ.

ಚೆಕ್-ಇನ್ ಸಾಲಿನಲ್ಲಿ ಅವರಿರಲಿಲ್ಲ. ಚೀಲ ಕೊಟ್ಟು ಹೋಗಿದ್ದರು. ಭದ್ರತಾ ತಪಾಸಣೆಯ ಕಡೆ ಓಡಿದೆವು. ಟಿಕೆಟ್ ಇಲ್ಲದವರು ಹೋಗಬಹುದಾದ ಗಡಿ ಅದು. ಆಚೆ ಹಗ್ಗ ಕಟ್ಟಿದ ಸಾಲುಗಳಲ್ಲಿ ಜನ, ಜನ, ಜನ. ಬೂದು ಕೋಟಿನ ಬೆನ್ನುಗಳು ನೂರು. ಆಮೇಲೆ ಗೊತ್ತಾಯಿತು, ಮೊಮ್ಮಗಳಿಗೊಂದು ಆಟಿಕೆ ಆರಿಸುತ್ತ ಅವರು ಅಂಗಡಿಯಲ್ಲಿ ಬಹಳ ಹೊತ್ತು ನಿಂತಿದ್ದರಂತೆ. ಅದಿಲ್ಲದಿದ್ದರೆ ನಮಗೆ ಸಿಗುತ್ತಿರಲಿಲ್ಲ.

“ಅನಾತಾ!”

ನನ್ನ ಪಕ್ಕದಲ್ಲಿ ನಿಂತು ಕೂಗಿದ್ದು ಅವರ ಹೆಂಡತಿ. ಹನ್ನೆರಡು ವರ್ಷದಲ್ಲಿ ಆ ಹೆಂಗಸಿನ ಧ್ವನಿ ನಮ್ಮ ಮೇಜು ದಾಟಿ ಕೇಳಿದ್ದಿಲ್ಲ. ಜಪಾನಿ ಬಾರದ ನನಗೂ ಅರ್ಥವಾಯಿತು, ಅದು ನಮ್ಮ ‘ರೀ’. ಸಾಲಿನ ತುದಿಯಲ್ಲಿ, ಟ್ರೇಯಲ್ಲಿ ಕೈಗಡಿಯಾರ ಇಡುತ್ತಿದ್ದ ಒಬ್ಬರು ತಿರುಗಿದರು.

ಗಡಿಯಾರವನ್ನು ಮತ್ತೆ ಕಟ್ಟಿಕೊಂಡು, ಎಲ್ಲರಿಗೂ ದಾರಿ ಕೇಳುತ್ತ, ಕ್ಷಮೆ ಕೇಳುತ್ತ, ಸಾಲನ್ನು ಹಿಂದಕ್ಕೆ ದಾಟಿ ಬಂದರು. ಹೆಂಡತಿಯ ಕೈಯಲ್ಲಿದ್ದ ಪತ್ರ ನೋಡಿದರು. ಮಾತಾಡಬೇಕಾದವಳು ನಾನು. ಓಡಿ ಏದುಸಿರು ಬಂದಿತ್ತು. ಆ ಪ್ರಶ್ನೆ ನನಗೆ ಬಾಯಿಪಾಠವಾಗಿತ್ತು, ಒಂದು ಸಲವೂ ಯಾರಿಗೂ ಓದಿ ಹೇಳದೆ.

“ನಕಾನಿಶಿ-ಸಾನ್, ನಿಮಗೆ ಅಂಟುರೋಗವಿದೆಯಾ?”

“ಇರಬಹುದು,” ಎಂದರು. ತಡವರಿಸಲಿಲ್ಲ.

“ನಿನ್ನೆ ಯಾಕೆ ಹೇಳಲಿಲ್ಲ?” ನನಗೆ ಸಿಟ್ಟು ಬಂದಿತ್ತು. ಅವರ ಮೇಲೆಯೋ ನನ್ನ ಮೇಲೆಯೋ ತಿಳಿಯದು.

“ನಿನ್ನೆ ನೀವು ಕೇಳಲಿಲ್ಲ. ನೆರೆಮನೆಯವರು ಅಮೆರಿಕಕ್ಕೆ ಹೋಗುವಾಗ ಈ ಪ್ರಶ್ನೆಯಿದೆ ಎಂದು ಹೇಳಿದ್ದರು. ನಾನೇ ಹೇಳಿಕೊಳ್ಳಲು ನಾಚಿಕೆ. ಆದರೆ ಕೇಳಿದರೆ ಸುಳ್ಳು ಹೇಳುವವನಲ್ಲ. ಹಿರೇಮಠ್-ಸಾನ್ ಕೇಳಿದರೆ ಹೋಗುವುದಿಲ್ಲ ಎಂದುಕೊಂಡು ಬಂದು ಕೂತಿದ್ದೆ. ನೀವು ಮಗುವಿನ ಹೆಸರು ಕೇಳಿದಿರಿ. ಹೋಗಬಹುದು ಎಂದು ತಿಳಿದುಕೊಂಡೆ.”

ಅವರ ಹೆಂಡತಿ ಕೈಚೀಲದಿಂದ ಒಂದು ಬಿಳಿ ಮಾಸ್ಕ್ ತೆಗೆದು ಕೊಟ್ಟರು. ಅವರು ಹಾಕಿಕೊಂಡರು. ಏರ್‌ಲೈನಿನ ಹುಡುಗಿಗೆ ನಾನೇ ಎಲ್ಲ ಹೇಳಿದೆ. ಫಾರಂ ತುಂಬಿದ್ದು ನಾನು ಎಂಬುದನ್ನೂ. ಅವಳು ಬೈಯಲಿಲ್ಲ, ಬರೆದುಕೊಂಡಳು. ತನ್ನ ಹೊಟ್ಟೆಯೊಳಗಿಂದ ಅವರ ಚೀಲ ಇಳಿಸುವವರೆಗೆ ಆ ವಿಮಾನ ಕಾಯಬೇಕಾಯಿತು.

ಪರೀಕ್ಷೆಯ ಫಲಿತಾಂಶ ಬಂತು. ಕ್ಷಯವೇ, ಇನ್ನೊಬ್ಬರಿಗೆ ಹರಡುವಂಥದ್ದು. ಆರು ತಿಂಗಳು ಮಾತ್ರೆ. ಹೆಂಡತಿಯನ್ನೂ ಪರೀಕ್ಷಿಸಿದರು, ಏನೂ ಇರಲಿಲ್ಲ. ನಾನೂ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋಗಿ ಎಕ್ಸ್-ರೇ ತೆಗೆಸಿಕೊಂಡೆ. ಏನಿಲ್ಲ ಎಂದರೂ ಎರಡು ತಿಂಗಳು ಸ್ವಂತ ಕೆಮ್ಮಿಗೆ ಬೆಚ್ಚುತ್ತಿದ್ದೆ. ಸಿಯಾಟಲ್‌ನ ಮಗಳು ಫೋನು ಮಾಡಿ ನನಗೆ ಧನ್ಯವಾದ ಹೇಳಿದಳು. ಹಿನ್ನೆಲೆಯಲ್ಲಿ ಮಗು ಅಳುತ್ತಿತ್ತು. ಆ ಮಗುವಿನ ಹೆಸರನ್ನು ನಾನು ಯಾತಕ್ಕೆ ಬಳಸಿಕೊಂಡಿದ್ದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಕೆಲಸ ಹೋಗಲಿಲ್ಲ. ವಿನೋದಭಾಯಿ ಒಂದು ವಾರ ಮುಖ ತಿರುಗಿಸಿಕೊಂಡಿದ್ದು, ಆಮೇಲೆ ಒಂದು ದಿನ ಚಹಾ ಕಪ್ಪು ನನ್ನ ಮೇಜಿನ ಮೇಲೆ ಕುಕ್ಕಿ, “ಇನ್ನು ಮೇಲೆ ಓದಿ ಹೇಳಿ, ಎಷ್ಟು ಹೊತ್ತಾದರೂ ಆಗಲಿ,” ಎಂದರು. ನಾನು ಜನವರಿಯಿಂದ ತುಂಬಿದ ಫಾರಂಗಳ ಫೈಲು ತೆಗೆದು, ಒಬ್ಬೊಬ್ಬರಿಗೂ ಫೋನು ಮಾಡಿದೆ. ಬಹಳ ಜನ ನಕ್ಕರು. ಕೆಲವರಿಗೆ ಬೇಸರವಾಯಿತು. ಒಬ್ಬ ಮಹಿಳೆ ಅಂಟುರೋಗದ ಪ್ರಶ್ನೆಗೆ “ಇಲ್ಲ” ಎಂದು, ಬಂಧನದ ಪ್ರಶ್ನೆಗೆ ಸುಮ್ಮನಾದರು. ಅವರು ಆಗಲೇ ಹೋಗಿ ಬಂದಾಗಿತ್ತು. “ಈಗ ಕೇಳಿ ಏನು ಪ್ರಯೋಜನ, ಹಿರೇಮಠ್-ಸಾನ್?” ಎಂದು ಫೋನಿಟ್ಟರು. ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಕೇಳುವುದಕ್ಕೂ ಒಂದು ಹೊತ್ತಿದೆ, ಅದು ದಾಟಿದರೆ ಕೇಳಿದ್ದೂ ಗಾಯವಾಗುತ್ತದೆ.

ಸೆಪ್ಟೆಂಬರಿನಲ್ಲಿ ನಕಾನಿಶಿಯವರು ಬಂದರು. ಗಲ್ಲ ತುಂಬಿಕೊಂಡಿತ್ತು. ಚಿಕಿತ್ಸೆ ಮುಗಿದಿದೆ, ಪ್ರಯಾಣ ಮಾಡಬಹುದು ಎಂಬ ಕ್ಲಿನಿಕ್ಕಿನ ಪತ್ರವನ್ನು ಎರಡೂ ಕೈಯಲ್ಲಿ ನನ್ನ ಮುಂದಿಟ್ಟರು. ಟಿಕೆಟ್ ಮಾಡಿದೆ.

“ಪರವಾನಗಿ?” ಎಂದರು.

“ಅದು ಎರಡು ವರ್ಷದ್ದು. ಇನ್ನೂ ನಡೆಯುತ್ತೆ,” ಎಂದರು ವಿನೋದಭಾಯಿ ತಮ್ಮ ಮೇಜಿನಿಂದ. ಅಂದು ಕಾಯುವವರು ಮೂರು ಜನರಿದ್ದರು.

“ಅದರಲ್ಲಿರುವ ಉತ್ತರ ನನ್ನದಲ್ಲ,” ಎಂದರು ನಕಾನಿಶಿ. “ಹೊಸದು ಮಾಡಿ.”

ಯಂತ್ರವೂ ಅದನ್ನೇ ಹೇಳಿತು: ಚಾಲ್ತಿಯಲ್ಲಿರುವ ಪರವಾನಗಿ ಇದೆ, ಮುಂದುವರಿಯಬೇಕೇ? ಮುಂದುವರಿಸಿದೆ. ಪ್ರಶ್ನೆಗಳನ್ನು ಒಂದೊಂದಾಗಿ ಓದತೊಡಗಿದೆ. ಅಂಟುರೋಗದ್ದು ಬಂದಾಗ ನನಗರಿವಿಲ್ಲದೆ ದನಿ ತಗ್ಗಿತು. ಹಿಂದೆ ಕೂತವರೆಲ್ಲ ಅವರ ಪರಿಚಯದವರೇ, ಶಾಲೆಯ ಕಡೆಯವರು.

“ಕೇಳಿಸಲಿಲ್ಲ,” ಎಂದರು. “ಇನ್ನೊಮ್ಮೆ ಓದಿ.”

ಗಟ್ಟಿಯಾಗಿ ಓದಿದೆ. ಅವರೂ ಅಷ್ಟೇ ಗಟ್ಟಿಯಾಗಿ, ಇಡೀ ಅಂಗಡಿಗೆ ಕೇಳುವ ಹಾಗೆ ಉತ್ತರಿಸಿದರು:

“ಇತ್ತು. ಈಗ ಇಲ್ಲ.”

ಹಿಂದಿನ ಕುರ್ಚಿಯೊಂದು ಕಿರ್ರೆಂದಿತು. ನಕಾನಿಶಿಯವರು ತಿರುಗಿ ನೋಡಲಿಲ್ಲ. ಬೆನ್ನು ನೆಟ್ಟಗೆ, ಎರಡೂ ಕೈ ಮೊಣಕಾಲ ಮೇಲೆ. ನಾನು ಅವರ ‘ಇಲ್ಲ’ವನ್ನು ಒತ್ತಿದೆ. ಅವರು ಮುಂದಿನ ಪ್ರಶ್ನೆಗೆ ಕಾಯುತ್ತಿದ್ದರು.